ವಾಣಿಜ್ಯದ ಒಡಂಬಡಿಕೆಗಳೂ ಕಡಲಕರೆಯ ದುಡಿಮೆಗಾರರೂ

ದಿಲ್ಲಿಯಲ್ಲಿಯೋ ಲಂಡನ್ನಿನಲ್ಲಿಯೋ ಮಂತ್ರಿಗಳು ಸಹಿ ಹಾಕುವ ವಾಣಿಜ್ಯದ ಒಡಂಬಡಿಕೆಗೂ, ಕಾಪುವಿನ ದೀಪಸ್ತಂಭದ ಕೆಳಗೆ ಕುಳಿತು ಹರಿದ ಬಲೆಯನ್ನು ಸರಿಪಡಿಸುವ ಮೊಗವೀರನಿಗೂ ಏನು ಸಂಬಂಧವೆಂದು ಕೇಳುವವರು ನಮ್ಮ ಪಟ್ಟಣಗಳಲ್ಲಿ ಅನೇಕರುಂಟು. ಸುಂಕ, ರಫ್ತು, ನಾಣ್ಯವಿನಿಮಯ ಇವೆಲ್ಲ ಮುಂಬಯಿಯ ವರ್ತಕರೂ ದಿಲ್ಲಿಯ ಕಾರ್ಯದರ್ಶಿಗಳೂ ಚರ್ಚಿಸತಕ್ಕ ವಿಷಯಗಳು, ನಮಗೇಕೆ ಅವುಗಳ ಗೊಡವೆ ಎಂಬ ಭಾವನೆಯು ವಿದ್ಯಾವಂತರಲ್ಲಿಯೂ ಬೇರೂರಿದೆ. ಈ ಉದಾಸೀನವು ಇನ್ನು ಸಲ್ಲದು.

2024ನೆಯ ಇಸವಿಯ ಮಾರ್ಚ್ 10ರಂದು ನಮ್ಮ ಸರಕಾರವು ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲೀಖ್ಟೆನ್‌ಸ್ಟೈನ್ ಎಂಬ ನಾಲ್ಕು ಯೂರೋಪಿಯನ್ ದೇಶಗಳ ಕೂಟದೊಡನೆ ಒಂದು ಒಡಂಬಡಿಕೆಯನ್ನು ಮಾಡಿಕೊಂಡಿತು. ಅದು 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. 2025ರ ಜುಲೈ 24ರಂದು ಬ್ರಿಟನ್ನಿನೊಡನೆ ಮತ್ತೊಂದಕ್ಕೆ ಸಹಿಯಾಯಿತು. ಇವುಗಳ ಸುಂಕದ ಪಟ್ಟಿಗಳನ್ನು ಕುರಿತು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ನಾಲ್ಕು ದೇಶಗಳವರು ಹದಿನೈದು ವರ್ಷಗಳಲ್ಲಿ ಹತ್ತು ಸಾವಿರ ಕೋಟಿ ಡಾಲರು ಮೂಲಧನವನ್ನು ತರುವ ಮಾತನ್ನೂ, ಬ್ರಿಟನ್ನು ನಮ್ಮ ನೂರಕ್ಕೆ ತೊಂಬತ್ತೊಂಬತ್ತು ಬಗೆಯ ಸರಕುಗಳ ಮೇಲಿನ ಸುಂಕವನ್ನು ತೆಗೆಯುವ ಮಾತನ್ನೂ ವಾಚಕರು ಓದಿಯೇ ಇರುವರು. ಆದರೆ ಹೆಚ್ಚು ಜನ ಓದದೆ ಮಗುಚಿದ ಕೆಲವು ಪುಟಗಳು ಇವುಗಳಲ್ಲಿವೆ. ದುಡಿಮೆಗಾರರ ಹಕ್ಕುಗಳನ್ನೂ ನೆಲ ಜಲ ಕಡಲುಗಳ ರಕ್ಷಣೆಯನ್ನೂ ಕುರಿತು ಪ್ರತ್ಯೇಕ ಅಧ್ಯಾಯಗಳು ಅಲ್ಲಿವೆ. ಭಾರತವು ಮಾಡಿಕೊಂಡ ವಾಣಿಜ್ಯದ ಕರಾರಿನಲ್ಲಿ 'ವ್ಯಾಪಾರವೂ ಸುಸ್ಥಿರ ಅಭಿವೃದ್ಧಿಯೂ' ಎಂಬ ಹೆಸರಿನ ಅಧ್ಯಾಯವೊಂದು ಸೇರಿದುದು 2024ರಲ್ಲಿಯೇ ಮೊದಲು. ಸುಸ್ಥಿರತೆಯೆಂಬ ಮಾತು ಹೊಸದು, ಅರ್ಥ ಹಳೆಯದು. ಮೀನು ಮೊಟ್ಟೆಯಿಡುವ ಮಳೆಗಾಲದಲ್ಲಿ ಕಡಲನ್ನು ಕಲಕಬಾರದೆಂದು ನಮ್ಮ ಕಡಲಕರೆಯ ಹಿರಿಯರು ಹೇಳುತ್ತಿದ್ದುದರಲ್ಲಿ ಈ ಅರ್ಥವೇ ಇತ್ತು.

ಎರಡು ಒಡಂಬಡಿಕೆಗಳಲ್ಲಿಯೂ ಈ ಅಧ್ಯಾಯಗಳ ಉಲ್ಲಂಘನೆಯನ್ನು ವ್ಯಾಜ್ಯನಿರ್ಣಯದ ಮಂಡಲಿಯ ಮುಂದೆ ಒಯ್ಯುವಂತಿಲ್ಲ. ಆದುದರಿಂದ ಇವು ಹೂವಿನ ಅಲಂಕಾರವೆಂದು ಕೆಲವರು ನಕ್ಕರೆ, ಮತ್ತೆ ಕೆಲವರು ದಿಲ್ಲಿಯವರು ಜಾಣತನದಿಂದ ನುಣುಚಿಕೊಂಡರೆಂದು ಹೊಗಳುತ್ತಾರೆ. ನಮಗೆ ಇವೆರಡರಲ್ಲಿಯೂ ಆಸಕ್ತಿ ಕಡಮೆ. ಕೂಲಿಯನ್ನೂ ಕಡಲನ್ನೂ ಕುರಿತು ಹೊರನಾಡಿನವರೊಡನೆ ಮಾತಾಡುವುದಕ್ಕೆ ಮೊದಲು ನಮ್ಮ ಸರಕಾರವು ಕೂಲಿಕಾರನೊಡನೆಯೂ ಕಡಲಿನವನೊಡನೆಯೂ ಮಾತಾಡಿತೆ ಎಂಬುದೇ ನಮ್ಮ ಪ್ರಶ್ನೆ. ಮಾತಾಡದಿದ್ದರೆ ಏನಾಗುವುದೆಂಬುದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಮಲ್ಪೆಯ ಬಂದರಿನಲ್ಲಿ ಇಳಿಯುವ ಸಿಗಡಿಯ, ನಮ್ಮವರು ಎಟ್ಟಿಯೆನ್ನುವ ಮೀನಿನ, ಕಥೆಯೇ ಸಾಕು.

ಅಮೇರಿಕಾದವರು 1989ರಲ್ಲಿ ಒಂದು ಶಾಸನ ಮಾಡಿದರು. ಸಿಗಡಿಗಾಗಿ ಎಳೆಯುವ ಟ್ರಾಲ್ ಬಲೆಯಲ್ಲಿ ಕಡಲಾಮೆಗಳು ಸಿಕ್ಕಿ ಉಸಿರುಕಟ್ಟಿ ಸಾಯುತ್ತವೆ. ಅವು ಪಾರಾಗುವಂತೆ ಬಲೆಯ ಕೊರಳಿನಲ್ಲಿ ಕಬ್ಬಿಣದ ಸರಳುಗಳ ಚೌಕಟ್ಟೊಂದನ್ನು ಹೊಲಿದು, ಅದರ ಮೇಲುಗಡೆ ಒಂದು ಕಂಡಿಯನ್ನು ಬಿಡಬೇಕು. ಸಿಗಡಿ ಸರಳುಗಳ ನಡುವೆ ನುಸುಳಿ ಚೀಲವನ್ನು ಸೇರುತ್ತದೆ, ಆಮೆ ಸರಳಿಗೆ ತಾಗಿ ಕಂಡಿಯಿಂದ ಹೊರಬೀಳುತ್ತದೆ. ಇಂಥ ಏರ್ಪಾಡಿಲ್ಲದ ದೇಶದ ಕಡಲ ಸಿಗಡಿಯನ್ನು ತಾವು ಕೊಳ್ಳುವುದಿಲ್ಲ ಎಂಬುದು ಅದರ ಸಾರಾಂಶ. ಮೊದಲು ನೆರೆಯ ಕೆರಿಬಿಯನ್ ಸೀಮೆಗೆ ಮಾತ್ರ ಇದ್ದ ಈ ನಿಯಮವನ್ನು ಅಲ್ಲಿಯ ನ್ಯಾಯಾಲಯವೊಂದರ ತೀರ್ಪಿನಂತೆ 1996ರ ಮೇ ತಿಂಗಳಿಂದ ಲೋಕಕ್ಕೆಲ್ಲ ವಿಸ್ತರಿಸಿದರು. ಭಾರತ, ಮಲೇಶಿಯಾ, ಪಾಕಿಸ್ತಾನ, ಥಾಯ್ಲೆಂಡ್ ನಾಲ್ಕೂ ಸೇರಿ ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ದೂರಿಟ್ಟವು. ಭಾರತವೂ ಪಾಕಿಸ್ತಾನವೂ ಒಂದೇ ಕಕ್ಷಿಯಲ್ಲಿ ನಿಂತ ಅಪರೂಪದ ಪ್ರಸಂಗವಿದು.

1998ರ ಅಕ್ಟೋಬರಿನಲ್ಲಿ ಅಪೀಲು ಮಂಡಲಿಯು ಕೊಟ್ಟ ನಿರ್ಣಯವನ್ನು ನಮ್ಮಲ್ಲಿ ಹೆಚ್ಚಿನವರು 'ಗೆದ್ದೆವು' ಎಂಬ ಒಂದು ಮಾತಿನಲ್ಲಿ ಮುಗಿಸಿದರು. ನಿಜವಾಗಿ ಆ ನಿರ್ಣಯವು ನಮಗೆ ಅರ್ಧ ಗೆಲವನ್ನು ಮಾತ್ರ ಕೊಟ್ಟಿತು. ಆಮೆಯನ್ನು ಉಳಿಸುವ ಉದ್ದೇಶದಿಂದ ಒಂದು ದೇಶವು ಆಮದನ್ನು ನಿರ್ಬಂಧಿಸುವುದು ಮೂಲತಃ ಅನ್ಯಾಯವಲ್ಲವೆಂದು ಮಂಡಲಿ ಹೇಳಿತು. ಅನ್ಯಾಯವಿದ್ದುದು ನಡೆಯಿಸಿದ ರೀತಿಯಲ್ಲಿ. ನೆರೆಯ ಕೆರಿಬಿಯನ್ ದೇಶಗಳೊಡನೆ ಅಮೇರಿಕಾದವರು ಕುಳಿತು ಮಾತಾಡಿ ಒಪ್ಪಂದ ಮಾಡಿಕೊಂಡಿದ್ದರು, ಹೊಂದಿಕೊಳ್ಳಲು ಮೂರು ವರ್ಷ ಕೊಟ್ಟಿದ್ದರು, ಕಲಿಸಿಕೊಟ್ಟಿದ್ದರು. ಏಷ್ಯದವರೊಡನೆ ಮಾತೂ ಇಲ್ಲ, ಕಲಿಸುವುದೂ ಇಲ್ಲ, ಕೊಟ್ಟ ಅವಧಿಯೋ ನಾಲ್ಕೇ ತಿಂಗಳು. ಮಾತಾಡಿಸದೆ ಷರತ್ತು ಹೇರಿದುದೇ ತಪ್ಪೆಂದು ಅಂದಿನ ತೀರ್ಪು. ಅಮೇರಿಕಾ ತನ್ನ ನಡೆಯನ್ನು ತಿದ್ದಿಕೊಂಡಿತು. ಶಾಸನವು ಹಾಗೆಯೇ ಉಳಿಯಿತು. 2001ರಲ್ಲಿ ಮಲೇಶಿಯಾ ಮತ್ತೊಮ್ಮೆ ಪ್ರಶ್ನಿಸಿ ಸೋತಿತು.

ಆ ಮೊಕದ್ದಮೆಯಲ್ಲಿ ಇನ್ನೊಂದು ವಿಶೇಷವುಂಟು. ಸರಕಾರಗಳಲ್ಲದ ಸಂಘಸಂಸ್ಥೆಗಳು ತಾವಾಗಿ ಕಳುಹಿಸುವ ಅಭಿಪ್ರಾಯಪತ್ರಗಳನ್ನು ನ್ಯಾಯಮಂಡಲಿಯು ಓದಬಹುದೆ ಎಂಬ ಪ್ರಶ್ನೆ ಅಲ್ಲಿಯೇ ಮೊದಲು ಇತ್ಯರ್ಥವಾಯಿತು. ಕೆಳಗಿನ ಮಂಡಲಿ ಕೂಡದೆಂದಿತು. ಅಪೀಲು ಮಂಡಲಿ ಓದಬಹುದೆಂದಿತು. ಭಾರತ ಸರಕಾರವು ಇದನ್ನು ಬಲವಾಗಿ ವಿರೋಧಿಸಿತು, ವಾಣಿಜ್ಯ ಸಂಸ್ಥೆಯು ಸರಕಾರಗಳ ಸಭೆಯೆಂಬುದು ಅದರ ವಾದ. ಪತ್ರಗಳನ್ನು ಬರೆದವರು ಯಾರು? ಪ್ರಕೃತಿಪ್ರೇಮಿಗಳ ಸಂಘಗಳು. ಅವರಲ್ಲಿ ವಕೀಲರಿದ್ದರು, ಹಣವಿತ್ತು, ಇಂಗ್ಲಿಷು ಇತ್ತು. ಮಲ್ಪೆಯ ತಾಂಡೇಲನ ಕಾಗದ ಅಲ್ಲಿಗೆ ಹೋಗುವ ದಾರಿಯೇ ಇರಲಿಲ್ಲ. ಬಾಗಿಲನ್ನು ತೆರೆದರೆ ಧನಿಕ ದೇಶದ ಸಂಘಗಳು ಮಾತ್ರ ಒಳಗೆ ಬರುವುವೆಂಬ ನಮ್ಮವರ ಭಯ ಆಧಾರವಿಲ್ಲದುದಲ್ಲ. ಆದರೆ ನಮ್ಮವರು ಒಳಗೆ ಹೋಗಲು ಹಿಂಬಾಗಿಲನ್ನಾದರೂ ಕಟ್ಟಿಕೊಟ್ಟಿದ್ದರೆ ಆ ಭಯಕ್ಕೆ ಹೆಚ್ಚು ಗೌರವ ಬರುತ್ತಿತ್ತು.

ಮುಂದೆ ಏನಾಯಿತು? ಅವಕಾಶ ಸಿಕ್ಕಿದ ಎರಡು ದಶಕಗಳಲ್ಲಿ ಆ ಚೌಕಟ್ಟು ನಮ್ಮ ದೋಣಿಗಳಲ್ಲಿ ರೂಢಿಗೆ ಬರಲಿಲ್ಲ. ಕೊಚ್ಚಿಯ ಮತ್ಸ್ಯ ತಂತ್ರಜ್ಞಾನ ಸಂಸ್ಥೆಯವರು ನಮ್ಮ ಕಡಲಿಗೆ ಹೊಂದುವ ಮಾದರಿಯನ್ನು ಮಾಡಿದರು, ಪ್ರಯೋಗಗಳೂ ನಡೆದವು. ಆದರೆ ಕಂಡಿಯಿಂದ ಮೀನೂ ಹೋಗುತ್ತದೆಂಬ ತಾಂಡೇಲನ ಆಕ್ಷೇಪಕ್ಕೆ ಅವನ ದೋಣಿಯಲ್ಲಿಯೇ ಕುಳಿತು, ಅವನ ಕಣ್ಣೆದುರಿಗೆ ತೂಗಿ ಉತ್ತರ ಹೇಳುವ ಕೆಲಸ ಸಾಕಷ್ಟು ನಡೆಯಲಿಲ್ಲ. 2019ರಲ್ಲಿ ಅಮೇರಿಕಾ ಭಾರತದ ಕಡಲ ಸಿಗಡಿಗೆ ಬಾಗಿಲು ಮುಚ್ಚಿತು. ಕೆರೆಗಳಲ್ಲಿ ಸಾಕಿದ ಸಿಗಡಿಗೆ ಈ ನಿಷೇಧವಿಲ್ಲ. ಆಂಧ್ರದ ಸಾಕಣೆಗಾರರಿಗೆ ಇದರ ಬಿಸಿ ತಟ್ಟಲಿಲ್ಲ. ಪೆಟ್ಟು ಬಿದ್ದುದು ಕೇರಳ ಕರ್ನಾಟಕಗಳಂಥ, ಕಡಲಿನಿಂದಲೇ ಹಿಡಿಯುವ ನಾಡುಗಳಿಗೆ. ಸಾವಿರಗಟ್ಟಲೆ ಆಮೆಗಳು ಒಟ್ಟಿಗೆ ಮೊಟ್ಟೆಯಿಡಲು ಬರುವುದು ಒಡಿಸ್ಸಾದ ಗಹೀರಮಠ, ಋಷಿಕುಲ್ಯಾಗಳಿಗೆ. ನಮ್ಮ ಕುಂದಾಪುರದ ಕೋಡಿಯಂಥ ಕೆಲವೆಡೆ ಅಲ್ಲೊಂದು ಇಲ್ಲೊಂದು ಬರುವುದುಂಟು. ಈ ವ್ಯತ್ಯಾಸವನ್ನು ಹೇಳಬಲ್ಲವರು ಮಾತುಕತೆಯ ಮೇಜಿನ ಹತ್ತಿರ ಇರಲಿಲ್ಲ.

ನಷ್ಟವು ಯಾರ ಮೇಲೆ ಬೀಳುತ್ತದೆಂಬುದನ್ನು ತಿಳಿಯಬೇಕಾದರೆ ಮಲ್ಪೆಯ ಆಳಕಡಲ ದೋಣಿಯ ಲೆಕ್ಕಾಚಾರವನ್ನು ನೋಡಬೇಕು. ಎಣ್ಣೆ, ಮಂಜುಗಡ್ಡೆ, ದಿನಸಿಗಳ ಖರ್ಚು ಕಳೆದು ಉಳಿದುದರಲ್ಲಿ ತಾಂಡೇಲನಿಗೂ ಕಲಾಸಿಗಳಿಗೂ ಪಾಲು. ಬೆಲೆ ಕುಸಿದಾಗ ಎಣ್ಣೆಯ ಖರ್ಚು ಕುಸಿಯುವುದಿಲ್ಲ, ಪಾಲು ಕುಸಿಯುತ್ತದೆ. ನ್ಯೂಯಾರ್ಕಿನಲ್ಲಿ ಮುಚ್ಚಿದ ಬಾಗಿಲಿನ ಸದ್ದು ಹೊನ್ನಾವರದಿಂದಲೋ ಒಡಿಸ್ಸಾದಿಂದಲೋ ದುಡಿಯಲು ಬಂದ ಕಲಾಸಿಯ ಮನೆಗೆ ಹೀಗೆ ಮುಟ್ಟುತ್ತದೆ. ರಫ್ತುದಾರನ ಅಹವಾಲು ಕೇಳುವುದಕ್ಕೆ 1972ರಿಂದಲೂ ಕೊಚ್ಚಿಯಲ್ಲಿ ಸಾಗರೋತ್ಪನ್ನ ರಫ್ತು ಪ್ರಾಧಿಕಾರವುಂಟು. ದೋಣಿಯ ಮಾಲಿಕರಿಗೆ ಸಂಘಗಳುಂಟು. ಕಲಾಸಿಗೆ ಏನುಂಟು?

ಹೊರನಾಡುಗಳಲ್ಲಿ ಈ ಪ್ರಶ್ನೆಗೆ ಒಂದು ಉತ್ತರವನ್ನು ಪ್ರಯತ್ನಿಸಿದ್ದಾರೆ. ಯೂರೋಪಿನ ಒಕ್ಕೂಟವು ದಕ್ಷಿಣ ಕೊರಿಯಾದೊಡನೆ ಮಾಡಿಕೊಂಡು 2011ರ ಜುಲೈಯಿಂದ ನಡೆಯಿಸಿದ ಒಡಂಬಡಿಕೆಯಲ್ಲಿ ಉಭಯ ಪಕ್ಷಗಳೂ ತಮ್ಮ ತಮ್ಮ ದೇಶದೊಳಗೆ ಸಲಹಾ ಮಂಡಲಿಯೊಂದನ್ನು ನೇಮಿಸಬೇಕೆಂದು ಗೊತ್ತುಮಾಡಿದರು. ಕಾರ್ಮಿಕ ಸಂಘಗಳು, ಧಣಿಗಳ ಸಂಘಗಳು, ಪ್ರಕೃತಿರಕ್ಷಣೆಯ ಸಂಘಗಳು ಅದರಲ್ಲಿ ಕುಳಿತು, ಒಡಂಬಡಿಕೆಯ ಕಾರ್ಮಿಕ ಮತ್ತು ಪರಿಸರದ ಅಧ್ಯಾಯವು ಹೇಗೆ ನಡೆಯುತ್ತಿದೆಯೆಂದು ವಿಚಾರಿಸಿ ಸರಕಾರಕ್ಕೆ ಹೇಳತಕ್ಕದ್ದು. ಎರಡೂ ಕಡೆಯ ಮಂಡಲಿಗಳು ಆಗಾಗ ಒಟ್ಟಿಗೆ ಸೇರತಕ್ಕದ್ದು. ಕೊರಿಯಾದಲ್ಲಿ ಕೂಲಿಕಾರರು ಸಂಘ ಕಟ್ಟುವ ಹಕ್ಕು ಮೊಟಕಾಗಿದೆಯೆಂದು ಯೂರೋಪಿನ ಮಂಡಲಿಯು 2014ರಿಂದಲೇ ಒತ್ತಾಯಿಸಲು ಮೊದಲುಮಾಡಿತು. ಸರಕಾರಗಳು ಅಲುಗಾಡಿದುದು 2018ರ ಕೊನೆಗೆ. 2021ರ ಜನವರಿಯಲ್ಲಿ ತಜ್ಞರ ಸಮಿತಿಯು ಕೊರಿಯಾದ ಕಾನೂನಿನಲ್ಲಿ ಕೊರತೆಗಳಿವೆಯೆಂದು ಹೇಳಿತು. ಅದೇ ವರ್ಷ ಕೊರಿಯಾ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೂರು ಮೂಲ ನಿಬಂಧನೆಗಳಿಗೆ ಸಮ್ಮತಿ ಕೊಟ್ಟಿತು. ದಂಡವಿಲ್ಲ, ಸುಂಕವಿಲ್ಲ, ಕೇವಲ ಮಾತಿನಿಂದಾದ ಕಾರ್ಯ. ಏಳು ವರ್ಷ ಹಿಡಿಯಿತೆಂಬುದನ್ನೂ ಮರೆಯಬಾರದು.

ವಿಯೆಟ್ನಾಮಿನ ಅನುಭವವು ಬೇರೆ. ಅಲ್ಲಿ 2020ರ ಆಗಸ್ಟ್ 1ರಂದು ಇಂಥದೇ ಒಡಂಬಡಿಕೆ ಜಾರಿಗೆ ಬಂದಿತು. ಅದರ ಸಲಹಾ ಕಾರ್ಯದಲ್ಲಿ ಭಾಗಿಯಾಗಲೆಂದು ಒಂದುಗೂಡಿದ ಸಂಘಗಳ ಕೂಟದ ಇಬ್ಬರು ಪ್ರಮುಖರನ್ನು 2021ರಲ್ಲಿ ಅಲ್ಲಿಯ ಸರಕಾರವು ತೆರಿಗೆಯ ಆಪಾದನೆಯ ಮೇಲೆ ಸೆರೆಮನೆಗೆ ಕಳುಹಿಸಿತು. ಸದಸ್ಯರನ್ನು ಆರಿಸುವವನು ಸರಕಾರವೇ ಆದರೆ ಮಂಡಲಿಯು ಹೌದಪ್ಪಗಳ ಕೂಟವಾಗುವ ಅಪಾಯವುಂಟು. ಈ ಏರ್ಪಾಡನ್ನು ಸರ್ವರೋಗಕ್ಕೂ ಮದ್ದೆಂದು ನಾವು ಶಿಫಾರಸು ಮಾಡುತ್ತಿಲ್ಲ.

ಇಲ್ಲಿ ಒಂದು ಹಳೆಯ ಸಂಶಯವನ್ನು ಎದುರಿಸಬೇಕು, ಏಕೆಂದರೆ ಅದು ನ್ಯಾಯವಾದ ಸಂಶಯ. ಯೂರೋಪಿನವರಿಗೆ ನಮ್ಮ ಕೂಲಿಕಾರನ ಮೇಲೆ ಮರುಕ ಹುಟ್ಟಿದಾಗಲೆಲ್ಲ ನಮ್ಮ ಹಿರಿಯರು ತಮ್ಮ ಹಣದ ಚೀಲವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. 1870ರ ದಶಕದಲ್ಲಿ ಮುಂಬಯಿಯ ಗಿರಣಿಗಳಲ್ಲಿ ಮಕ್ಕಳು ದುಡಿಯುತ್ತಾರೆಂದು ಗದ್ದಲವೆಬ್ಬಿಸಿದವರು ಲ್ಯಾಂಕಷಾಯರಿನ ಗಿರಣಿಯ ಧಣಿಗಳು. ಅದೇ ಧಣಿಗಳ ಒತ್ತಾಯದಿಂದ 1882ರ ಹೊತ್ತಿಗೆ ವಿಲಾಯತಿ ಬಟ್ಟೆಯ ಮೇಲಿನ ಆಮದು ಸುಂಕವೂ ಹೋಯಿತು. 1896ರಲ್ಲಿ ನಮ್ಮ ಗಿರಣಿಯ ಬಟ್ಟೆಯ ಮೇಲೆ ನೂರಕ್ಕೆ ಮೂರೂವರೆಯ ತೆರಿಗೆ ಬಿದ್ದಿತು. ಇಂಥ ದಯಾಳುಗಳ ಪ್ರೇರಣೆಯಿಂದ ಬಂದ 1881ರ ಕಾರ್ಖಾನೆ ಶಾಸನವನ್ನು ಸ್ವದೇಶಾಭಿಮಾನಿಗಳು ಸಂಶಯದಿಂದ ನೋಡಿದುದರಲ್ಲಿ ಆಶ್ಚರ್ಯವೇನು? 1996ರಲ್ಲಿ ಸಿಂಗಾಪುರದಲ್ಲಿ ಸೇರಿದ ವಾಣಿಜ್ಯ ಮಂತ್ರಿಗಳ ಸಭೆಯಲ್ಲಿ ಕಾರ್ಮಿಕ ನಿಯಮಗಳನ್ನು ವ್ಯಾಪಾರದ ಕರಾರಿಗೆ ಗಂಟುಹಾಕಬಾರದು, ಅವು ಜಿನೀವಾದ ಕಾರ್ಮಿಕ ಸಂಸ್ಥೆಗೆ ಸೇರಿದವು ಎಂದು ಭಾರತವು ಹಟಹಿಡಿದು ಗೆದ್ದಿತು. ಯೂರೋಪಿನ ಒಕ್ಕೂಟದೊಡನೆ 2007ರಲ್ಲಿ ಮೊದಲಾಗಿ 2013ರಲ್ಲಿ ನಿಂತು 2022ರಲ್ಲಿ ಮರಳಿ ಹಿಡಿದ ಮಾತುಕತೆಯಲ್ಲಿಯೂ ಇದೇ ವಿಷಯವು ತೊಡಕುಗಳಲ್ಲಿ ಒಂದಾಗಿತ್ತು. ಅಗ್ಗದ ಕೂಲಿಯಿಂದ ನಾವು ಪಡೆಯುವ ಅಲ್ಪ ಅನುಕೂಲವನ್ನು ನೀತಿಯ ಹೆಸರಿನಲ್ಲಿ ಕಸಿದುಕೊಳ್ಳುವ ಉಪಾಯವೆಂಬ ನಮ್ಮವರ ಅನುಮಾನಕ್ಕೆ ಇತಿಹಾಸದ ಬೆಂಬಲವುಂಟು.

ಆದರೆ ಆ ಇತಿಹಾಸದಲ್ಲಿ ಇನ್ನೊಂದು ಅಧ್ಯಾಯವುಂಟು. 1884ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಗಿರಣಿ ಕೂಲಿಕಾರರನ್ನು ನಾರಾಯಣ ಮೇಘಾಜಿ ಲೋಖಂಡೆಯವರು ಒಂದೆಡೆ ಸೇರಿಸಿದರು. ವಾರಕ್ಕೊಂದು ದಿನ ಬಿಡುವು, ಮಧ್ಯಾಹ್ನ ಅರ್ಧ ಗಂಟೆ ವಿರಾಮ, ತಿಂಗಳ ಹದಿನೈದರೊಳಗೆ ಕೂಲಿ, ಗಾಯಗೊಂಡವನಿಗೆ ಪರಿಹಾರ ಇಷ್ಟನ್ನು ಕೇಳಿ ಐದು ಸಾವಿರಕ್ಕೂ ಮಿಕ್ಕಿದ ಕೂಲಿಕಾರರು ಸರಕಾರದ ವಿಚಾರಣಾ ಸಮಿತಿಗೆ ಅರ್ಜಿ ಬರೆದರು. ಲ್ಯಾಂಕಷಾಯರಿನ ಹೊಟ್ಟೆಕಿಚ್ಚು ಒಂದು ಕಡೆ, ಮುಂಬಯಿಯ ಧಣಿಗಳ ದೇಶಾಭಿಮಾನ ಒಂದು ಕಡೆ. ಎರಡರ ನಡುವೆ ಕೂಲಿಕಾರನು ತನ್ನ ಮಾತನ್ನು ತಾನೇ ಆಡಿದನು. 1890ರಲ್ಲಿ ಭಾನುವಾರದ ಬಿಡುವು ಸಿಕ್ಕಿತು. ಹೊರಗಿನವನ ಷರತ್ತು ನಮಗೆ ಬೇಡವೆನ್ನುವ ಅಧಿಕಾರವು ದಿಲ್ಲಿಗೆ ಬರುವುದು ಮನೆಯೊಳಗೆ ಲೋಖಂಡೆಯವರ ಅರ್ಜಿಯಂಥದನ್ನು ಓದುವ ಅಭ್ಯಾಸವಿದ್ದಾಗ.

ಮನೆಯೊಳಗಿನ ಅಭ್ಯಾಸ ಹೇಗಿದೆ? ಸರಕಾರ, ಧಣಿ, ಕೂಲಿಕಾರ ಮೂವರೂ ಸೇರುವ ಭಾರತೀಯ ಕಾರ್ಮಿಕ ಸಮ್ಮೇಳನವು 1942ರಲ್ಲಿ ಮೊದಲಾದುದು. ಬ್ರಿಟಿಷರ ಆಳ್ವಿಕೆಯಲ್ಲಿಯೂ ಅದು ಕೂಡಿತು. ಅದರ 46ನೆಯ ಅಧಿವೇಶನವು 2015ರ ಜುಲೈ ತಿಂಗಳಲ್ಲಿ ನಡೆಯಿತು. ಅನಂತರ ಹತ್ತು ವರ್ಷ ಅದನ್ನು ಕರೆಯಲೇ ಇಲ್ಲ. ಇಪ್ಪತ್ತೊಂಬತ್ತು ಕಾರ್ಮಿಕ ಶಾಸನಗಳನ್ನು ನಾಲ್ಕು ಸಂಹಿತೆಗಳೊಳಗೆ ತುಂಬಿ 2025ರ ನವೆಂಬರ್ 21ರಂದು ಜಾರಿಗೆ ತಂದರು, ಆ ನಡುವಣ ಕಾಲದಲ್ಲಿಯೂ ಸಮ್ಮೇಳನವಿಲ್ಲ. ಸಂಹಿತೆಗಳ ಗುಣದೋಷ ಬೇರೆ ಮಾತು. ಕಾರ್ಮಿಕ ನಿಯಮವನ್ನು ಕುರಿತು ಸ್ವದೇಶದ ಕಾರ್ಮಿಕರೊಡನೆ ಹತ್ತು ವರ್ಷ ಸಮ್ಮೇಳನ ನಡೆಸದ ಸರಕಾರವು ಅದೇ ವಿಷಯದಲ್ಲಿ ಬರ್ನಿನವರೊಡನೆಯೂ ಆಸ್ಲೋದವರೊಡನೆಯೂ ಒಂದು ಅಧ್ಯಾಯವನ್ನೇ ಬರೆಯಿತು. ನಮ್ಮ ಆಕ್ಷೇಪವಿರುವುದು ಇಲ್ಲಿ.

ಆಸ್ಲೋದ ಹೆಸರು ಬಂದುದರಿಂದ ಒಂದು ಮಾತು. ನಾರ್ವೆಗೂ ನಮ್ಮ ಕರಾವಳಿಗೂ ನಂಟು ಹೊಸದಲ್ಲ. 1952ರಲ್ಲಿ ಆದ ಇಂಡೋ-ನಾರ್ವೇಜಿಯನ್ ಯೋಜನೆಯು ಕೇರಳದ ನೀಂಡಕರದಲ್ಲಿ ಮೊದಲಾಗಿ 1960ರ ದಶಕದಲ್ಲಿ ಕಾರವಾರಕ್ಕೂ ಬಂದಿತು. ಮೀನುಗಾರರ ಜೀವನವನ್ನು ಮೇಲೆತ್ತುವುದು ಅದರ ಮೊದಲ ಉದ್ದೇಶ. ಆದರೆ ಸಿಗಡಿಗೆ ಪರದೇಶದಲ್ಲಿ ಬೆಲೆಯಿದೆಯೆಂದು ಗೊತ್ತಾದಮೇಲೆ ಯಂತ್ರದ ದೋಣಿಯೂ ಟ್ರಾಲ್ ಬಲೆಯೂ ಮುಂದಾದವು. ಕಾಪುವಿನ ಪಡು, ಪೊಲಿಪು, ಎರ್ಮಾಳು, ಉಚ್ಚಿಲ, ಹೆಜಮಾಡಿಗಳ ದಡದಲ್ಲಿ ಆ ಕಾಲಕ್ಕೆ ರಂಪಣಿಯ ವೈಭವ. ದೋಣಿಯಲ್ಲಿ ಬಲೆಯನ್ನೊಯ್ದು ಬಂಗುಡೆಯ ಅಥವಾ ಬೂತಾಯಿಯ ಗುಂಪನ್ನು ಸುತ್ತುವರಿದು, ಎರಡು ತುದಿಗಳನ್ನೂ ದಡದಲ್ಲಿ ಊರಿಗೆ ಊರೇ ನಿಂತು ಎಳೆಯುವುದು, ಬಂದುದನ್ನು ಕೂಟದ ಪಾಲುದಾರರು ಹಂಚಿಕೊಳ್ಳುವುದು. ಮೀನು ತಾನಾಗಿ ದಡದ ಹತ್ತಿರ ಬಂದರೆ ಮಾತ್ರ ಬಲೆ, ಬಾರದಿದ್ದರೆ ಇಲ್ಲ. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬಲೆ ಬಂದು, ಗುಂಪು ದಡಕ್ಕೆ ಬರುವ ಮೊದಲೇ ಕಡಲಿನಲ್ಲಿ ಅದನ್ನು ಬಾಚಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಬಿದ್ದಿತು. ರಂಪಣಿಯವರು ಗಲಾಟೆಮಾಡಿದರು, ದೂರು ಕೊಟ್ಟರು. ಕರ್ನಾಟಕದ ಕಡಲ ಮೀನುಗಾರಿಕೆಯ ನಿಯಂತ್ರಣ ಶಾಸನವಾದುದು 1986ರಲ್ಲಿ, ರಂಪಣಿ ಹೋದಮೇಲೆ. ಇಂದು ಕಿರಿದಾದ ಕೈರಂಪಣಿ ಅಲ್ಲಲ್ಲಿ ಉಳಿದಿದೆ.

ಇದನ್ನು ಹಳೆಯದರ ಮೋಹದಿಂದ ಹೇಳುತ್ತಿಲ್ಲ. ಯಂತ್ರದ ದೋಣಿಯಿಂದ ಅನೇಕ ಮನೆಗಳು ಹಂಚು ಕಂಡವು, ಮಕ್ಕಳು ಕಾಲೇಜು ಕಂಡರು. ಕಡಲಿನ ಹಂಚಿಕೆಯೆಂಬ ದೊಡ್ಡ ಪ್ರಶ್ನೆಯನ್ನು ಯಾರನ್ನೂ ಕೇಳದೆ, ರಫ್ತಿನ ಬೆಲೆಯೊಂದನ್ನೇ ನೋಡಿ ತೀರ್ಮಾನಿಸಿದರೆ ಅದರ ಸಾಲವನ್ನು ಮುಂದಿನ ತಲೆಮಾರು ತೀರಿಸಬೇಕಾಗುತ್ತದೆ ಎಂಬುದಷ್ಟೆ ನಮ್ಮ ಮಾತು. ಇಂದು ಎಳೆಯ ಮೀನು ಮೀನುಹುಡಿಯ ಕಾರ್ಖಾನೆಗೆ ಹೋಗುವುದನ್ನೂ, 2017ರಲ್ಲಿ ಕೇಂದ್ರ ಸರಕಾರವು ನಿಷೇಧಿಸಿದ ಬೆಳಕು ಮೀನುಗಾರಿಕೆ ಮತ್ತೆ ಮತ್ತೆ ತಲೆಯೆತ್ತುವುದನ್ನೂ ಮಲ್ಪೆಯಲ್ಲಿ ಎಲ್ಲರೂ ಬಲ್ಲರು. ಈ ವಿಷಯಗಳಲ್ಲಿ ನಾಡದೋಣಿಯವರಿಗೂ ಟ್ರಾಲ್ ದೋಣಿಯವರಿಗೂ ಪರ್ಸಿನ್‌ನವರಿಗೂ ಒಂದೇ ಅಭಿಪ್ರಾಯವಿಲ್ಲ. ಅದಕ್ಕಾಗಿಯೇ ಎಲ್ಲರನ್ನೂ ಕರೆದು ಕೇಳಬೇಕು.

ಜಿನೀವಾದಲ್ಲಿ 2022ರ ಜೂನ್ 17ರಂದು ಒಪ್ಪಿ, 2025ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ಮೀನುಗಾರಿಕೆಯ ಸಹಾಯಧನದ ಒಪ್ಪಂದದ ಕಾಲದಲ್ಲಿ ನಮ್ಮ ಮಂತ್ರಿಗಳು ಸಣ್ಣ ಮೀನುಗಾರನ ಪರವಾಗಿ ಗಟ್ಟಿಯಾಗಿಯೇ ಮಾತಾಡಿದರು. ಭಾರತವು ಮೀನುಗಾರ ಕುಟುಂಬಕ್ಕೆ ವರ್ಷಕ್ಕೆ ಕೊಡುವುದು ಹದಿನೈದು ಡಾಲರು ಮಾತ್ರ, ಧನಿಕ ದೇಶಗಳು ಕೊಡುವುದು ಹತ್ತಾರು ಸಾವಿರ; ಆದುದರಿಂದ ನಮಗೆ ಇಪ್ಪತ್ತೈದು ವರ್ಷಗಳ ಅವಧಿ ಬೇಕೆಂದರು. ವಾದ ಸರಿಯಾದುದೇ. ಆದರೆ ಕಾಪುವಿನ ನ್ಯಾಯದ ಪ್ರಕಾರ ಮುಂದಿನ ಪ್ರಶ್ನೆಯುಂಟು: ಆ ಹದಿನೈದು ಡಾಲರಿನಲ್ಲಿ ಯಂತ್ರದೋಣಿಯ ಡೀಸೆಲ್ಲಿಗೆ ಎಷ್ಟು, ನಾಡದೋಣಿಗೆ ಎಷ್ಟು, ಮೀನು ಮಾರುವ ಹೆಂಗಸಿಗೆ ಎಷ್ಟು?

ಕಡಲಿನ ದುಡಿಮೆಯ ಅಪಾಯವನ್ನು ಕುರಿತು ಉದ್ದವಾಗಿ ಹೇಳಬೇಕಾಗಿಲ್ಲ. 2018ರ ಡಿಸೆಂಬರಿನಲ್ಲಿ ಏಳು ಮಂದಿಯೊಡನೆ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ'ವು ಮರಳಲಿಲ್ಲ. ಮಾಲ್ವಣದ ಹೊರಗಡಲಿನಲ್ಲಿ ನೌಕಾದಳದವರು ಅದರ ಅವಶೇಷವನ್ನು ಕಂಡುದು ಮುಂದಿನ ಮೇ ತಿಂಗಳಲ್ಲಿ. ಮೀನುದೋಣಿಯ ದುಡಿಮೆಗಾರರ ವಿಶ್ರಾಂತಿ, ವೈದ್ಯ, ಕರಾರುಪತ್ರ, ವಿಮೆಗಳನ್ನು ಕುರಿತು ಕಾರ್ಮಿಕ ಸಂಸ್ಥೆಯು 2007ರಲ್ಲಿ 188ನೆಯ ನಿಬಂಧನೆಯನ್ನು ಮಾಡಿತು. ಭಾರತವು ಅದಕ್ಕೆ ಸಮ್ಮತಿಸಿಲ್ಲ. ಸಂಘ ಕಟ್ಟುವ ಹಕ್ಕಿನ 87, 98ನೆಯ ನಿಬಂಧನೆಗಳಿಗೂ ಸಮ್ಮತಿಸಿಲ್ಲ. ಸರಕಾರಿ ನೌಕರರ ನಿಯಮಗಳಿಗೆ ಅವು ವಿರೋಧವೆಂಬುದು ಕಾರಣ. ಮಲ್ಪೆಯ ಕಲಾಸಿಯು ಸರಕಾರಿ ನೌಕರನಲ್ಲ.

ಕಡಲಿನಿಂದ ಮೇಲೇರಿ ಒಳಗೆ ಬಂದರೆ ಹೆಂಗಸರ ದುಡಿಮೆ. ಕಾರ್ಕಳ, ಉಡುಪಿ ಸೀಮೆಯ ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆಯ ಸೊನೆ ತಾಗಿ ಕೈ ಸುಟ್ಟುಕೊಳ್ಳುವವರು ಅವರೇ. ಆಫ್ರಿಕದಿಂದ ಬಂದ ಬೀಜ ಅವರ ಕೈಯಿಂದ ಒಡೆದು ಪರದೇಶಕ್ಕೆ ಹೋಗುತ್ತದೆ. ಜಗಲಿಯ ಮೇಲೆ ಕುಳಿತು ಎಲೆ ಕತ್ತರಿಸಿ ಹೊಗೆಸೊಪ್ಪು ತುಂಬಿ, ಸಾವಿರಕ್ಕಿಷ್ಟೆಂದು ಬೀಡಿ ಕಟ್ಟುವವರೂ ಅವರೇ. ಬೀಡಿ ಬ್ರಾಂಚಿನವನು ಕಳಪೆಯೆಂದು ಎಷ್ಟು ಕಟ್ಟನ್ನು ತಳ್ಳುತ್ತಾನೋ ಅಷ್ಟು ಕೂಲಿ ಹೋಯಿತು. 1999ರ ನವೆಂಬರಿನಲ್ಲಿ ಅಮೇರಿಕಾದ ಸುಂಕದ ಇಲಾಖೆಯು ನಮ್ಮ ನಾಡಿನ ಒಂದು ಸಂಸ್ಥೆಯ ಬೀಡಿಯನ್ನು, ಜೀತದ ಮಕ್ಕಳು ಕಟ್ಟಿದುದೆಂಬ ಆಪಾದನೆಯ ಮೇಲೆ, 1930ರ ತನ್ನ ಸುಂಕದ ಶಾಸನದಂತೆ ಬಂದರಿನಲ್ಲಿ ತಡೆಯಿತು. ಆಪಾದನೆಯ ಸತ್ಯಾಸತ್ಯವನ್ನು ನಿರ್ಣಯಿಸುವುದು ಇಲ್ಲಿ ನಮ್ಮ ಕೆಲಸವಲ್ಲ. ಆ ಆಜ್ಞೆಯನ್ನು ಹೊರಡಿಸುವ ಮೊದಲು ಅವರು ಬೀಡಿ ಕಟ್ಟುವ ಹೆಂಗಸಿನ ಕಡೆಗೆ ತಿರುಗಿ ನೋಡಿದುದಿಲ್ಲವೆಂಬುದನ್ನು ಮಾತ್ರ ಗಮನಿಸಬೇಕು. ನಮ್ಮವರೇನೂ ಹೆಚ್ಚು ನೋಡಿದರೆನ್ನುವಂತಿಲ್ಲ. ಬೀಡಿ ಕಾರ್ಮಿಕರ ಕ್ಷೇಮನಿಧಿಗೆ ಹಣ ತರುತ್ತಿದ್ದ 1976ರ ಸೆಸ್ಸನ್ನು 2017ರಲ್ಲಿ ಹೊಸ ತೆರಿಗೆಯ ಪದ್ಧತಿ ಬಂದಾಗ ರದ್ದುಮಾಡಿದರು. ಮಕ್ಕಳ ವಿದ್ಯಾರ್ಥಿವೇತನವೂ ಔಷಧಾಲಯವೂ ಆ ಹಣದಿಂದ ನಡೆಯುತ್ತಿದ್ದವು.

ಇನ್ನು ನಮ್ಮ ಅಧಿಕಾರಿವರ್ಗದ ವಾಚಕರಿಗೆ ಒಂದು ಕಾನೂನಿನ ಮಾತು. ಒಡಂಬಡಿಕೆಗೆ ಸಹಿ ಹಾಕುವುದು ಕೇಂದ್ರ. ಅದಕ್ಕೆ ಪಾರ್ಲಿಮೆಂಟಿನ ಮುಂಗಡ ಒಪ್ಪಿಗೆಯನ್ನು ನಮ್ಮ ಸಂವಿಧಾನವು ಕಡ್ಡಾಯ ಮಾಡಿಲ್ಲ. ಆದರೆ ದಡದಿಂದ ಹನ್ನೆರಡು ನಾಟಿಕಲ್ ಮೈಲಿನೊಳಗಿನ ಮೀನುಗಾರಿಕೆಯು ರಾಜ್ಯಪಟ್ಟಿಯ 21ನೆಯ ವಿಷಯ. ಅದರಾಚೆಯದು ಕೇಂದ್ರಪಟ್ಟಿಯ 57ನೆಯದು. ಕಾರ್ಮಿಕ ವಿಷಯ ಉಭಯರಿಗೂ ಸೇರಿದುದು. ಆದುದರಿಂದ ದಿಲ್ಲಿಯಲ್ಲಿ ಕೊಟ್ಟ ಮಾತನ್ನು ದಡದಲ್ಲಿ ನಡೆಯಿಸಬೇಕಾದವರು ಉಡುಪಿಯ ಮೀನುಗಾರಿಕೆಯ ಮತ್ತು ಕಾರ್ಮಿಕ ಇಲಾಖೆಗಳ ಅಧಿಕಾರಿಗಳೇ. ಮಾತುಕತೆಯು ಗುಟ್ಟಾಗಿರಬೇಕೆಂಬ ಸಮಾಧಾನವೂ ಪೂರ್ತಿ ಒಪ್ಪತಕ್ಕದ್ದಲ್ಲ. ಯೂರೋಪಿನ ಒಕ್ಕೂಟವು ಭಾರತದ ಮುಂದಿಟ್ಟ ತನ್ನ ಕರಡುಗಳನ್ನು 2022ರಲ್ಲಿ ಪ್ರಕಟಿಸಿತು. ನಮ್ಮ ಸರಕಾರವು ಏನು ಕೇಳಲಿತ್ತೆಂಬುದು ಬ್ರಸಲ್ಸಿನ ಅಧಿಕಾರಿಗೆ ಗೊತ್ತಿತ್ತು, ಪಡುಬಿದ್ರಿಯ ಪಂಚಾಯತಿಗೆ ಗೊತ್ತಿರಲಿಲ್ಲ.

ಏನು ಮಾಡಬಹುದು? ದೊಡ್ಡ ಏರ್ಪಾಡೇನೂ ಬೇಡ. ಕಾರ್ಮಿಕ ಮತ್ತು ಪರಿಸರದ ಅಧ್ಯಾಯಗಳನ್ನು ತಿಳಿಗನ್ನಡದಲ್ಲಿ ನಾಲ್ಕು ಹಾಳೆಗಳಲ್ಲಿ ಅಚ್ಚುಹಾಕಿಸಿ ಮೀನುಗಾರರ ಸಹಕಾರಿ ಸಂಘಗಳಲ್ಲಿಯೂ ಬೀಡಿ ಬ್ರಾಂಚುಗಳಲ್ಲಿಯೂ ಗೇರುಬೀಜದ ಕಾರ್ಖಾನೆಗಳಲ್ಲಿಯೂ ತೂಗಹಾಕತಕ್ಕದ್ದು. ಕರಾವಳಿಯ ಮೂರು ಜಿಲ್ಲೆಗಳಿಗೆ ಒಂದು ಸಲಹಾ ಮಂಡಲಿಯನ್ನು ರಾಜ್ಯ ಸರಕಾರವೇ ನೇಮಿಸಬಹುದು; ಅದಕ್ಕೆ ಪರದೇಶದವರ ಷರತ್ತು ಬೇಕಾಗಿಲ್ಲ, ದಿಲ್ಲಿಯ ಅಪ್ಪಣೆಯೂ ಬೇಕಾಗಿಲ್ಲ. ಸದಸ್ಯರನ್ನು ಸರಕಾರ ಆರಿಸದೆ ಸಂಘಗಳೇ ಆರಿಸಿ ಕಳುಹಿಸಲಿ. ಸಂಘವೇ ಇಲ್ಲದ ಕಲಾಸಿಗಳಿಗೂ ಮೀನು ಮಾರುವ ಹೆಂಗಸರಿಗೂ ಸ್ಥಾನಗಳನ್ನು ಬೇರೆಯಾಗಿ ಮೀಸಲಿಡಲಿ. ಸಭೆಯ ಮಾತು ತುಳುವಿನಲ್ಲಿಯೂ ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ನಡೆಯಲಿ, ಒಡಿಸ್ಸಾದ ಕಲಾಸಿಗೆ ದುಭಾಷಿಯನ್ನು ಕೂರಿಸಲಿ. ನಡವಳಿಯ ಪ್ರತಿಯನ್ನು ವಾಣಿಜ್ಯ ಮಂತ್ರಾಲಯಕ್ಕೆ ಕಳುಹಿಸಿ, ಅವರು ಒಪ್ಪಿದುದನ್ನೂ ಒಪ್ಪದುದನ್ನೂ ಕಾರಣಸಹಿತ ಬರೆದು ತಿಳಿಸುವಂತೆ ಕೇಳಲಿ.

ಸಭೆಗೆ ಸಮಯವೂ ಸಿದ್ಧವಾಗಿಯೇ ಇದೆ. ಜೂನ್ 1ರಿಂದ ಜುಲೈ 31ರ ವರೆಗೆ ಅರುವತ್ತೊಂದು ದಿನ ಯಂತ್ರದೋಣಿಗಳಿಗೆ ಕಡಲು ನಿಷಿದ್ಧ. ಮಲ್ಪೆಯ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತಿರುತ್ತವೆ, ತಾಂಡೇಲರು ಊರಿನಲ್ಲಿರುತ್ತಾರೆ, ಬಲೆ ಕಟ್ಟುವುದರ ಹೊರತು ಕೆಲಸವಿರುವುದಿಲ್ಲ. ಪರವೂರಿನ ಕಲಾಸಿಗಳು ಮಾತ್ರ ಆಗ ತಮ್ಮ ಊರಿಗೆ ಹೋಗುವರಾದುದರಿಂದ ಅವರ ಮಾತನ್ನು ಮೇ ತಿಂಗಳ ಕೊನೆಯ ವಾರದಲ್ಲಿ, ದೋಣಿಗಳು ಮರಳಿ ಲೆಕ್ಕ ತೀರುವ ಹೊತ್ತಿಗೆ, ಬಂದರಿನಲ್ಲಿಯೇ ಕೇಳಬೇಕಾಗುವುದು. ಮಣಿಪಾಲದ ರಜತಾದ್ರಿಯಲ್ಲಿ ಕುಳಿತಿರುವ ಜಿಲ್ಲೆಯ ಅಧಿಕಾರಿಗಳಿಗೆ ಮಲ್ಪೆಯ ಬಂದರು ದೂರವಲ್ಲ; ಕಾಪುವಿನ ದಡವೂ ಅರ್ಧ ಗಂಟೆಯ ಹಾದಿ.